ಮೌನದಲ್ಲಿ ಬಿದ್ದ ಚಪ್ಪಾಳೆ

ನನಗೆ ಸಂಗೀತದ ಗಂಧಗಾಳಿ ಇಲ್ಲ. ಅಂದು ನಡೆದದ್ದರ ತಲೆಬುಡ ಅರ್ಥವಾಗದಿರುವುದು ಅದಕ್ಕೇ ಇರಬಹುದೇ ಎಂದು ಈಗಲೂ ಅನುಮಾನ.

ಅಕ್ಕ ಪಿಯಾನೋ ನುಡಿಸುತ್ತಾಳೆ. ಸ್ಪರ್ಧೆಗೆ ಕಳಿಸಲು ಒಂದು ಕೃತಿಯನ್ನು ರೆಕಾರ್ಡ್ ಮಾಡಬೇಕಿತ್ತು. ಹಾಡುಹಗಲಲ್ಲೇ ಖಾಲಿ ಸಭಾಂಗಣಕ್ಕೆ ಹೋದೆವು, ನಾವಿಬ್ಬರೇ. ರೆಕಾರ್ಡರ್ ಹಿಡಿದು ನಾನು ಮುಂದಿನ ಸಾಲಿನಲ್ಲಿ ಕುಳಿತೆ.

ಆ ಕೃತಿ ಮುಗಿಯುವ ಮುಂಚೆ ಒಂದು ದೀರ್ಘ ಮೌನವಿದೆ. ಮುಗಿದೇಹೋಯಿತೆಂದು ಹೊಸಬರು ಅಲ್ಲೇ ಚಪ್ಪಾಳೆ ತಟ್ಟಿಬಿಡುತ್ತಾರೆ. ಅಂದೂ ಹಾಗೇ ಆಯಿತು. ಒಂದೇ ಒಂದು ಚಪ್ಪಾಳೆ, ತಟ್ಟಿದವರು ನಾಚಿಕೊಂಡು ನಿಲ್ಲಿಸಿಬಿಟ್ಟಂತೆ.

“ಎಷ್ಟು ಸಲ ಹೇಳ್ಬೇಕೇ ನಿಂಗೆ?” ಅಕ್ಕ ಸಿಡುಕಿದಳು.

“ಎರಡೂ ಕೈಲಿ ರೆಕಾರ್ಡರ್ ಹಿಡ್ಕೊಂಡಿದೀನಲ್ಲಕ್ಕ! ಸದ್ದು ಹಿಂದಿನಿಂದ ಬಂತು.”

ಹಿಂದೆ ಬರೀ ಖಾಲಿ ಕುರ್ಚಿಗಳು. ಅಕ್ಕ ಮತ್ತೆ ನುಡಿಸಿದಳು. ಅದೇ ಮೌನ, ಅದೇ ಚಪ್ಪಾಳೆ. ಯಾರೋ ಬಾಗಿಲು ತೆರೆದಿಟ್ಟಂತೆ ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು.

ಅಕ್ಕ ಕುರ್ಚಿಗಳತ್ತ ತಿರುಗಿ, ಮಕ್ಕಳಿಗೆ ಪಾಠ ಹೇಳುವಂತೆ, “ಇನ್ನೂ ಮುಗಿದಿಲ್ಲ ಇದು. ನಾನು ಕೈ ತೊಡೆ ಮೇಲೆ ಇಟ್ಟಾದ್ಮೇಲೆ ತಟ್ಟಿ,” ಎಂದಳು. ಯಾರಿಗೆ ಹೇಳಿದಳೋ, ಅವಳಿಗೂ ಗೊತ್ತಿಲ್ಲ.

ಈ ಸಲ ಮೌನ ಮೌನವಾಗಿಯೇ ಕಳೆಯಿತು. ಕೊನೆಯ ಸ್ವರ ಆರಿತು. ಅಕ್ಕ ಕೈ ಇಳಿಸಿದಳು. ಯಾವ ಸದ್ದೂ ಇಲ್ಲ. ಸದ್ಯ ಬದುಕಿದೆವೆಂದು ಮನೆಗೆ ಬಂದೆವು.

ಚಹಾ ಕುಡಿಯುತ್ತ ರೆಕಾರ್ಡಿಂಗ್ ಹಾಕಿದೆವು. ಕೊನೆಯ ಸ್ವರ ಆರಿ, ಅಕ್ಕ ಕೈ ಇಳಿಸುವಷ್ಟು ಹೊತ್ತು ಕಾದು, ಚಪ್ಪಾಳೆ ಶುರುವಾಗುತ್ತದೆ. ಒಬ್ಬರದಲ್ಲ, ಇಡೀ ಸಭಾಂಗಣದ್ದು. ನನ್ನ ಎಡಬಲದ ಕುರ್ಚಿಗಳಿಂದಲೂ.

ಅಷ್ಟು ಜನರ ನಡುವೆ ತಟ್ಟದೆ ಕೂತವಳು ನಾನೊಬ್ಬಳೇ.