ನಡುವಿನ ಹೆಸರು

ಬೀರಿ ಕಂಪ್ಯೂಟರಿನ ಪರದೆಯನ್ನು ಅಂಗೈಯಿಂದ ಮುಚ್ಚಿದಳು.

“ಇಂವ ನನ್ನ ಗಂಡ ಅಲ್ಲ.”

“ನೀರಲ್ಲಿದ್ದು ಮುಖ ಊದ್ಕಂಡದೆ ಅಕ್ಕಾ,” ಎಂದ ಕಾನ್‌ಸ್ಟೆಬಲ್ ರಾಜು.

“ಊದ್ಕಂಡ್ರೆ ಮೀಸೆ ಉದುರಿ ಹೋಗ್ತದಾ?”

ಕದ್ರಾದಲ್ಲಿ ಮುಳುಗಿ ಸತ್ತ ಗಂಡನ ಫೋಟೊದ ಪ್ರತಿ ಕೇಳಿಕೊಂಡು ಅವಳು ಕಾರವಾರದ ಠಾಣೆಗೆ ಬಂದಿದ್ದಳು. ‘ಕದ್ರಾ, ಬೀರಾ’ ಎಂಬ ಫೈಲಿನಲ್ಲಿ ಬೇರೊಬ್ಬನ ಮುಖವಿತ್ತು. ಇನ್‌ಸ್ಪೆಕ್ಟರ್ ವಿನುತಾ ಉಳಿದ ಫೈಲುಗಳನ್ನು ಒಂದೊಂದಾಗಿ ತೆರೆದರು. ಅವಳ ಗಂಡ ಬೀರಾನ ಫೋಟೊ ಸಿಕ್ಕಿದ್ದು ‘ಅರ್ಗಾ, ಅಪರಿಚಿತ ಗಂಡಸು’ ಎಂಬುದರಲ್ಲಿ. ಅರ್ಗಾದಲ್ಲಿ ಸಿಕ್ಕಿದ್ದ ಆ ಅಪರಿಚಿತನ ಶವವನ್ನು ವಾರಸುದಾರರಿಲ್ಲವೆಂದು ಆಗಲೇ ಹೂಳಲಾಗಿತ್ತು.

ಬೀರಿಯ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು.

ಪೊಲೀಸರಿಗೆ ಶವಗಳ ಫೋಟೊ ತೆಗೆದುಕೊಡುತ್ತಿದ್ದವನು ಅಂಕೋಲಾದ ಸ್ಟುಡಿಯೊದ ತುಳಸಿದಾಸ. ಕ್ಯಾಮೆರಾ ಕೊಡುವ ನಂಬರುಗಳ ಬದಲು ಊರು, ಹೆಸರು ಹಚ್ಚುವ ಸಣ್ಣ ಪ್ರೋಗ್ರಾಮೊಂದನ್ನು ಅವನೇ ಬರೆದುಕೊಂಡಿದ್ದ. ಮಧ್ಯಾಹ್ನ ವಿನುತಾ ಪಂಚರ ಎದುರು ಅವನ ಕಂಪ್ಯೂಟರ್ ತೆರೆಸಿ ಪಂಚನಾಮೆ ಶುರುಮಾಡಿದರು.

“ಪ್ರೋಗ್ರಾಂ ತಪ್ಪಿತಾ?”

“ತಪ್ಪಿರೂಕೂ ಸಾಕು ಮೇಡಂ.”

“ಇಷ್ಟೆಲ್ಲ ಫೈಲಲ್ಲಿ ಈ ಎರಡೇ?”

ವಿನುತಾ ಪ್ರೋಗ್ರಾಮನ್ನೇ ಪರದೆಯ ಮೇಲೆ ತೆರೆಸಿದರು.

ಪ್ರೋಗ್ರಾಮಿನ ಕೊನೆಯಲ್ಲಿ ಮೂರು ಸಾಲುಗಳನ್ನು ಬೇರೆಯಾಗಿ ಸೇರಿಸಲಾಗಿತ್ತು. ಎರಡು ಫೈಲುಗಳ ಹೆಸರನ್ನು ನೇರವಾಗಿ ಅದಲುಬದಲು ಮಾಡಲು ಬರುವುದಿಲ್ಲ. ಒಂದಕ್ಕೆ ಕ್ಷಣದ ಮಟ್ಟಿಗೆ ಮೂರನೆಯ ಹೆಸರು ಕೊಡಬೇಕು. ಅರ್ಗಾದ ಶವದ ಫೈಲಿಗೆ ಆ ಕ್ಷಣ ಕೊಟ್ಟಿದ್ದ ಹೆಸರು ರೋಹಿತ.

“ಯಾರು ರೋಹಿತ?”

“ತಮ್ಮ.”

“ಫೋಟೊ ತೆಗೀವಾಗ್ಲೇ ಗೊತ್ತಾಯ್ತಾ?”

“ಫ್ಲ್ಯಾಶ್ ಬಿದ್ದಾಗ.”

ರೋಹಿತ ದೋಣಿಯಿಂದ ಕಾಣೆಯಾದಂದಿನಿಂದ ತಾಯಿ ನಾಗಿ ಮೀನು ಮಾರಿ ಮುಗಿಸಿ, ಬಸ್ಸು ಹತ್ತಿ ಠಾಣೆಗೆ ಬಂದು, ಅಪರಿಚಿತ ಶವಗಳ ಫೋಟೊ ನೋಡಿ ಹೋಗುತ್ತಿದ್ದಳು. “ನಮ್ಮಂವ ಅಲ್ಲ” ಎಂದು ಹೇಳಿದ ದಿನ ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದಳು, ಉಣ್ಣುತ್ತಿದ್ದಳು. ಅರ್ಗಾದ ಫೈಲು ತೆರೆದಾಗಲೂ ಅವಳು ಅದನ್ನೇ ಹೇಳಬೇಕು. ತುಳಸಿದಾಸನಿಗೆ ಬೇಕಿದ್ದದ್ದು ಅಷ್ಟೆ.

ಸಾಕ್ಷ್ಯ ತಿರುಚಿದ ಆರೋಪದ ಮೇಲೆ ಅವನನ್ನು ಬಂಧಿಸಿ ಸಂಜೆ ಕಾರವಾರಕ್ಕೆ ಕರೆತಂದರು. ಠಾಣೆಯ ಬೆಂಚಿನ ಮೇಲೆ ನಾಗಿ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಪೊಲೀಸರ ನಡುವೆ ತಲೆತಗ್ಗಿಸಿ ಬಂದ ಹಿರಿಯ ಮಗನನ್ನು ನೋಡಿದಳು. ಏನಾಯಿತೆಂದು ಕೇಳಲಿಲ್ಲ.

ವಿನುತಾ ಪರದೆಯನ್ನು ಅವಳ ಕಡೆ ತಿರುಗಿಸಿದರು.

“ಬನ್ನಿ ಆಯಿ. ಅರ್ಗಾದ್ದು ಈಗ ಸರಿಯಾದ ಫೋಟೊ ಅದೆ. ಒಂದ್ಸಲ ನೋಡಿ.”

“ನಾ ನೋಡೂದಿಲ್ಲ,” ಎಂದಳು ನಾಗಿ.