ಎರಡು ಸಲ ಇನ್ನೂರ ಹನ್ನೆರಡು

ಬೆಳಗಿನ ಮೊದಲ ಬಸ್ಸಿಗೆ ಸಾಗರಕ್ಕೆ ಹೋಗಿ ಮಾತ್ರೆ ತಂದ ಜಲಜಮ್ಮ ಹತ್ತೂವರೆಗೆ ಬಾಗಿಲು ತೆರೆದಾಗ, ಗಂಡ ಬೆವರಿನಲ್ಲಿ ತೊಯ್ದು ಪ್ರಜ್ಞೆ ತಪ್ಪಿ ಮಲಗಿದ್ದ. ಲಕ್ವ ಹೊಡೆದು ಮಾತು ನಿಂತಿದ್ದ ಬೆಳ್ಳಪ್ಪನಿಗೆ ಆ ಬೆಳಿಗ್ಗೆ ಯಾರೋ ಎರಡನೆಯ ಸಲ ಇನ್ಸುಲಿನ್ ಚುಚ್ಚಿದ್ದರು.

ಯಾರು?

ನರ್ಸ್ ತನುಜಾ ಎಂದಿತು, ಅವಳನ್ನು ಮನೆಮನೆಗೆ ಕಳಿಸುವ ಕಚೇರಿ. ಟ್ಯಾಬ್‌ನಲ್ಲಿ ಇನ್ನೊಬ್ಬ ನರ್ಸ್ ಪ್ರಜ್ವಲ್‌ನ ದಾಖಲೆ ಒಂಬತ್ತು ಇಪ್ಪತ್ತಕ್ಕೆ. ತನುಜಾಳದ್ದು ಒಂಬತ್ತು ನಲವತ್ತಕ್ಕೆ. ಅವನು ಕೊಟ್ಟದ್ದನ್ನು ನೋಡದೆ ಇವಳು ಮತ್ತೆ ಕೊಟ್ಟಿದ್ದಾಳೆ. ಅವಳ ನರ್ಸ್ ನೋಂದಣಿ ರದ್ದಾಗುತ್ತದೆ. ಪೊಲೀಸ್ ಕೇಸೂ ಆಗಬಹುದು.

ಮರುದಿನ ವಿಚಾರಣೆಗೆ ತೀರ್ಥಹಳ್ಳಿಯಿಂದ ಹಿರಿಯ ನರ್ಸ್ ಸುಚಿತ್ರಾ ಬಂದರು. ಹೊನ್ನೆಮರಡಿನ ಆಚೆಯ ಆ ಮನೆಗೆ ಜಲಜಮ್ಮ ಆಸ್ಪತ್ರೆಯಲ್ಲಿದ್ದ ಗಂಡನಿಗೆ ಬಟ್ಟೆ ಒಯ್ಯಲು ಬಂದಿದ್ದಳು. ಖಾಲಿ ಮಂಚದ ಸುತ್ತ ತನುಜಾ, ಪ್ರಜ್ವಲ್ ಸೇರಿ ನಾಲ್ವರು ನಿಂತರು. ತನುಜಾಳಿಗೆ ತನ್ನ ಉಸಿರಿನ ಸದ್ದೇ ತಪ್ಪೊಪ್ಪಿಗೆಯಂತೆ ಕೇಳಿತು.

"ನಿನ್ನೆ ಎಷ್ಟೊತ್ತಿಗೆ ಬಂದಿದ್ದೆ ತನುಜಾ?" ಸುಚಿತ್ರಾ ಕೇಳಿದರು.

"ಏಳೂವರೆಗೆ ಮೇಡಂ. ಇಲ್ಲಿ ನೆಟ್‌ವರ್ಕ್ ಇಲ್ಲ. ಇನ್ನೆರಡು ಮನೆ ಮುಗಿಸಿ ರಸ್ತೆಗೆ ಬಂದ್ಮೇಲೆ ಟ್ಯಾಬ್ ಕಳಿಸ್ತು. ಕಳಿಸಿದ ಹೊತ್ತನ್ನೇ ಅದು ಹಿಡ್ಕೊಳ್ತದೆ."

"ಸಾಕ್ಷಿ?"

"ಇದರಲ್ಲಿ ಬರೆದಿದ್ದೆ."

ಮಂಚದ ಕಾಲಿಗೆ ದಾರದಲ್ಲಿ ಕಟ್ಟಿದ ನೋಟ್‌ಬುಕ್. ಕಾಗದ ಬೇಡವೆಂದು ಕಚೇರಿ ಹೇಳಿದ ಮೇಲೂ ಅವಳು ಬಿಟ್ಟಿರಲಿಲ್ಲ. ಆದರೆ ನಿನ್ನೆಯ ಹಾಳೆ ಇರಲಿಲ್ಲ — ಯಾರೋ ಹರಿದಿದ್ದರು.

"ನೀವು ಹರಿದ್ರಾ ಜಲಜಮ್ಮ?"

"ನಾನ್ಯಾಕೆ ಹರೀಲಿ? ಸಿಸ್ಟರ್ ಬರೆದಿಟ್ಟದ್ದು ಓದ್ಕೊಂಡೇ ಇವರಿಗೆ ಊಟ ಹಾಕ್ತಿದ್ದದ್ದು. ನಿಮ್ಮ ಆ ಟ್ಯಾಬ್ ಹಲಗೆನ ನೀವೇ ಓದ್ಕೊಬೇಕು."

"ನೀನ್ಯಾಕೆ ಬಂದೆ ಪ್ರಜ್ವಲ್?"

"ಎಂಟೂಕಾಲಾದ್ರೂ ತನುಜಕ್ಕನ ಎಂಟ್ರಿ ಬರ್ಲಿಲ್ಲ. ಹೋಗಿ ಕೊಟ್ಟು ಬಾ ಅಂದ್ರು ಆಫೀಸ್ನೋರು."

"ಸಕ್ಕರೆ ಪರೀಕ್ಷೆ ಮಾಡಿದ್ಯಾ?"

"ಮಾಡ್ದೆ. ಇನ್ನೂರ ಹನ್ನೆರಡು."

ಸುಚಿತ್ರಾ ಟ್ಯಾಬ್‌ನಲ್ಲಿ ಎರಡೂ ದಾಖಲೆ ತೆರೆದು ನೋಡಿದರು.

"ತನುಜಾ ಬರೆದದ್ದೂ ಇನ್ನೂರ ಹನ್ನೆರಡು. ಯಾರೇ ಮೊದಲು ಬಂದಿರ್ಲಿ, ಮಧ್ಯೆ ಇನ್ಸುಲಿನ್ ಹೋಗಿದೆ. ಒಂದಂಕಿನೂ ಕದಲ್ಲಿಲ್ವಾ?"

ಇಬ್ಬರೂ ಬಳಸುತ್ತಿದ್ದದ್ದು ಆ ಮನೆಯ ಒಂದೇ ಸಕ್ಕರೆ ಪರೀಕ್ಷಿಸುವ ಯಂತ್ರ. ಜಲಜಮ್ಮ ದಿಂಬಿನಡಿಯಿಂದ ತೆಗೆದುಕೊಟ್ಟಳು. ಸುಚಿತ್ರಾ ಅದರ ಗಡಿಯಾರವನ್ನು ತಮ್ಮ ಕೈಗಡಿಯಾರದೊಂದಿಗೆ ತಾಳೆ ನೋಡಿದರು. ಸರಿಯಿತ್ತು. ಗುಂಡಿ ಒತ್ತಿದರು.

"ನಿನ್ನೆಯದು ಒಂದೇ ಪರೀಕ್ಷೆ. ಏಳು ಮೂವತ್ತನಾಲ್ಕು — ಇನ್ನೂರ ಹನ್ನೆರಡು."

ಸುಚಿತ್ರಾ ಪ್ರಜ್ವಲ್‌ನತ್ತ ತಿರುಗಿದರು.

"ಅಂಕಿ ತುಂಬದೆ ಟ್ಯಾಬ್ ಮುಂದೆ ಹೋಗಲ್ಲ. ನೀನು ಬೆರಳು ಚುಚ್ಚಲೇ ಇಲ್ಲ. ಗುಂಡಿ ಒತ್ತಿದೆ, ಕೊನೆಯ ಅಂಕಿ ಬಂತು, ಅದನ್ನೇ ಹಾಕ್ದೆ. ಪಕ್ಕದಲ್ಲಿದ್ದ ಹೊತ್ತು ನೋಡ್ಲಿಲ್ಲ. ಎರಡನೇ ಸೂಜಿ ನಿನ್ನದು."

"ಪರೀಕ್ಷೆಯ ಸ್ಟ್ರಿಪ್ ಮುಗಿದಿತ್ತು ಮೇಡಂ. ಆ ಅಂಕಿ ಹಿಂದಿನ ದಿನದ್ದು ಅಂದ್ಕೊಂಡೆ..."

"ಅಲ್ಲೀತನಕ ಅದು ಬರೀ ತಪ್ಪು. ಹಾಳೆ ಹರಿದದ್ದು? ಚುಚ್ಚಿದ ಮೇಲೆ ಅದನ್ನ ಓದಿ ತಾನೇ ಹರಿದದ್ದು? ಆಗಿನ್ನೂ ಬೆಳ್ಳಪ್ಪನವರಿಗೆ ಎಚ್ಚರ ಇತ್ತು. ಒಂದು ಲೋಟ ಸಕ್ಕರೆ ನೀರು ಕುಡಿಸಿ, ಆಂಬುಲೆನ್ಸ್‌ಗೆ ಹೇಳಿ, ಪಕ್ಕದಲ್ಲಿ ಕೂತಿದ್ರೆ? ನೀನು ಬಾಗಿಲು ಹಾಕ್ಕೊಂಡು ಹೋದೆ."

ಅವನು ಫೋನಿನ ಕವರಿನೊಳಗಿಂದ ಮಡಿಸಿದ ಹಾಳೆ ತೆಗೆದು ಮಂಚದ ಮೇಲಿಟ್ಟ.

ತನುಜಾ ಪಾರಾಗಿದ್ದಳು. ಆದರೆ ಆ ಹಾಳೆಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ತಡೆಯುವಷ್ಟರಲ್ಲಿ ಜಲಜಮ್ಮ ಎತ್ತಿಕೊಂಡು ದಿನವೂ ಓದುವಂತೆ ಅಕ್ಷರ ಕೂಡಿಸಿಕೊಂಡು ಓದತೊಡಗಿದಳು.

'ಏಳು ನಲವತ್ತು. ಇನ್ಸುಲಿನ್ ಕೊಟ್ಟಿದೆ. ಎರಡು ಇಡ್ಲಿ ತಿಂದರು. ಜಲಜಮ್ಮ, ಇವತ್ತು ನಿಮ್ಮ ಹೆಸರು ಹಿಡಿದು ಕರೆದರು.'

ಟ್ಯಾಬ್‌ನಲ್ಲಿ ಅದನ್ನು ತುಂಬಲು ಜಾಗವಿರಲಿಲ್ಲ. ಸಾಗರದ ಆಸ್ಪತ್ರೆಯಲ್ಲಿ ಬೆಳ್ಳಪ್ಪ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಜಲಜಮ್ಮ ಹಾಳೆಯನ್ನು ಮಡಿಸಲಿಲ್ಲ.

"ಹೆಂಗೆ ಕರೆದ್ರು ಸಿಸ್ಟರ್? ನೀವೇ ಒಂದ್ಸಲ ಹಂಗೇ ಕರೆದು ತೋರ್ಸಿ."

ತನುಜಾ ಬಾಯಿ ತೆರೆದಳು. ಬೆಳ್ಳಪ್ಪನ ಹಾಗೆಯೇ ತುಟಿ ಓರೆಮಾಡಿ ಮೊದಲ ಅಕ್ಷರ ಹಿಡಿದಳು — "ಜ..."