ಎಡಕ್ಕೆ ಒಂದು ಗೇಣು

ನಿನ್ನೆ ಮುಚ್ಚಿಟ್ಟಿದ್ದ ಟಾರ್ಪಾಲು ಎತ್ತಿದ, ಬೆಳಿಗ್ಗೆಯಷ್ಟೇ ಊರಿಗೆ ಬಂದ ಮೂವರು ತೀರ್ಪುಗಾರರೂ ಮುಖ ಮುಖ ನೋಡಿಕೊಂಡರು. ಗುರಿಗೆಂದು ನಿಲ್ಲಿಸಿದ್ದ ಉಕ್ಕಿನ ಹಲಗೆಯ ಮೇಲೆ ಗುಂಡಿನ ಗುರುತು ಮೂರಿದ್ದವು, ನಿಜ. ಆದರೆ ಬೆರಳು ಇಳಿಯುವಷ್ಟು ಆಳ!

"ಮೂರು ಸಾವಿರದ ಇನ್ನೂರು ಮೀಟರ್ ಹಾರಿ ಬರೋ ಹೊತ್ತಿಗೆ ಗುಂಡಿನ ಕಸುವೆಲ್ಲ ಇಳಿದಿರುತ್ತೆ. ಬಣ್ಣ ಕೆರೆದು ಬೀಳುತ್ತೆ, ಅಷ್ಟೇ," ಎಂದರು ಅವರಲ್ಲಿ ಹಿರಿಯರು. "ಇದು ಹತ್ತಿರದಿಂದ ಹೊಡೆದದ್ದು."

ನಿನ್ನೆ ಮಧ್ಯಾಹ್ನ ದಾಖಲೆ ಮುರಿದಳೆಂದು ಎಲ್ಲರೂ ಹೊತ್ತು ಕುಣಿದಿದ್ದ ಮಾಜಿ ಸೈನಿಕ ಹೆಣ್ಣುಮಗಳು ಇವತ್ತು ಬೆಳಿಗ್ಗೆ ಮೋಸಗಾತಿ. ಸಂಜೆಯೊಳಗೆ ಬೇರೆ ಪುರಾವೆ ಸಿಗದಿದ್ದರೆ ಅವಳು ಜೀವಮಾನವಿಡೀ ಸ್ಪರ್ಧೆಗೆ ಇಳಿಯುವಂತಿಲ್ಲ.

ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಯೇ ಪೊಲೀಸರಿಗೆ ಫೋನ್ ಮಾಡಿದರು. ಬಂದದ್ದು ಇಲಾಖೆಯವರು ಬೆನ್ನ ಹಿಂದೆ 'ಜಿಗಣೆ' ಎಂದು ಕರೆಯುವ ಇನ್ಸ್‌ಪೆಕ್ಟರ್. ಹಿಡಿದರೆ ಬಿಡುವ ಆಸಾಮಿಯಲ್ಲ.

* * *

"ನಾನೇ ಕಲಿಸಿದ ಹುಡುಗಿ ಸಾರ್," ಕಾರ್ಯದರ್ಶಿ ಕಣ್ಣೊರೆಸಿಕೊಂಡರು. ಹನ್ನೊಂದು ವರ್ಷದಿಂದ ದಾಖಲೆ ಅವರ ಹೆಸರಿನಲ್ಲೇ ಇತ್ತು.

"ಅವಳು ಹೊಡೆದಾಗ ನೀವೆಲ್ಲಿದ್ರಿ?"

"ಇಲ್ಲೇ ಆಫೀಸಲ್ಲಿ, ಇದೇ ಕುರ್ಚಿಯಲ್ಲಿ. ವೈರ್‌ಲೆಸ್‌ನಲ್ಲಿ ಎಲ್ಲಾ ಕೇಳಿಸ್ತಿತ್ತು. ರೆಕಾರ್ಡೂ ಆಗಿದೆ, ಕೇಳಿ."

ದುರ್ಬೀನು ಹಿಡಿದು ಕೂತಿದ್ದ ಅವಳ ತಮ್ಮನ ದನಿ: "ಬಿತ್ತು! ಎಡಕ್ಕೆ ಒಂದು ಗೇಣು." ಸ್ವಲ್ಪ ಹೊತ್ತು ಗಾಳಿಯ ಸದ್ದು. "ಬಿತ್ತು! ಎಡಕ್ಕೆ ನಾಲ್ಕು ಬೆರಳು." ಆಮೇಲೆ ಒಂದು ಕಿರುಚಾಟ: "ನಡುಮಧ್ಯ, ಅಕ್ಕಾ!"

ಇನ್ಸ್‌ಪೆಕ್ಟರ್ ಹೋಗಿ ಅಳೆದರು. ಎಡಕ್ಕೆ ಒಂದು ಗೇಣು, ಎಡಕ್ಕೆ ನಾಲ್ಕು ಬೆರಳು, ನಡುವೆ ಒಂದು. ಹಲಗೆಯೇನೂ ಬದಲಾದಂತಿಲ್ಲ. ಅವಳ ಕಥೆ ಮುಗಿಯಿತೆಂದುಕೊಂಡರು. ಬೇಜಾರಾಯಿತು.

"ಅವಳಿಗೆ ಆಗದವರು ಯಾರಾದ್ರೂ?" ಕಾರ್ಯದರ್ಶಿಯನ್ನು ಕೇಳಿದರು.

"ಬಂದೂಕು ರಿಪೇರಿಯವನು. ಮಾತು ಬಿಟ್ಟು ವರ್ಷವಾಯ್ತು."

ರಿಪೇರಿಯವನು ಮುಚ್ಚಿಡಲಿಲ್ಲ. "ಹೌದು ಸಾರ್, ಬಂದೂಕನ್ನ ಬೇರೆಯವನಿಗೆ ಕೊಟ್ಳು, ಸಿಟ್ಟಿದೆ. ಆದ್ರೆ ಅವಳ ತಮ್ಮನ ಪಕ್ಕದಲ್ಲೇ ಇನ್ನೊಂದು ದುರ್ಬೀನಲ್ಲಿ ನೋಡ್ತಿದ್ದೆ. ಮೂರನೇದು ಬಿದ್ದಾಗ ಅವನಿಗಿಂತ ಜೋರಾಗಿ ಕಿರುಚಿದ್ದು ನಾನೇ!"

* * *

ಬರಿಗೈಯಲ್ಲಿ ಹೊರಟ ಇನ್ಸ್‌ಪೆಕ್ಟರ್ ಜೀಪನ್ನು ಹಿಂದಕ್ಕೆ ತೆಗೆದರು. ಆ ತಮ್ಮನೇ ಹಿಂದೆ ನಿಂತು ದಾರಿ ತೋರಿಸಿದ.

"ಎಡಕ್ಕೆ ಸಾರ್... ಎಡಕ್ಕೆ... ಇನ್ನೊಂದು ಗೇಣು ಎಡಕ್ಕೆ!"

ಇನ್ಸ್‌ಪೆಕ್ಟರ್ ಬ್ರೇಕ್ ತುಳಿದು ಕತ್ತು ಹೊರಹಾಕಿದರು. ಕಂಬ ತಗಲುತ್ತಿದ್ದದ್ದು ಬಲಗಡೆ.

"ಬಲಕ್ಕೆ ತಗಲ್ತಿದೆಯಲ್ಲಯ್ಯ!"

"ಅದಕ್ಕೇ ಸಾರ್ ಎಡಕ್ಕೆ ಅಂದಿದ್ದು."

ಎಂಜಿನ್ ನಿಂತಿತು. "ನಿನ್ನೆ ಎಡಕ್ಕೆ ಅಂದ್ಯಲ್ಲ, ಗುಂಡು ಬಿದ್ದಿದ್ದು ಎಲ್ಲಿಗೆ?"

"ಬಲಕ್ಕೆ! ಎಲ್ಲರೂ ಗುಂಡು ಬಿದ್ದ ಕಡೆ ಹೇಳ್ತಾರೆ. ನಾನು ಅಕ್ಕ ಎತ್ತ ತಿರುಗಿಸ್ಬೇಕೋ ಆ ಕಡೆ ಹೇಳ್ತೀನಿ. ಗಾಳಿ ಬದಲಾಗೋದ್ರೊಳಗೆ ಅವಳು ಯೋಚನೆ ಮಾಡ್ತಾ ಕೂರಬಾರ್ದು ಅಂತ ನಾವಿಬ್ರೇ ಮಾಡ್ಕೊಂಡ ಪದ್ಧತಿ."

"ಮತ್ತೆ ಹಲಗೆ ನೋಡಿ ಯಾಕೆ ಹೇಳ್ಲಿಲ್ಲ?"

"ನೋಡೋಕೆ ಬಿಟ್ರೆ ತಾನೇ? ಕಾರ್ಯದರ್ಶಿಗಳು ಯಾರನ್ನೂ ಹತ್ರಕ್ಕೂ ಸೇರಿಸ್ತಿಲ್ಲ."

* * *

"ಹಲಗೆ ಬದಲಾಗಿದೆ," ಇನ್ಸ್‌ಪೆಕ್ಟರ್ ಎಲ್ಲರೆದುರು ಹೇಳಿದರು. "ನಕಲಿ ಮಾಡಿದವನು ಹತ್ತಿರದಿಂದ ಹೊಡೆದ, ಮೋಸ ಅನ್ನಿಸ್ಲಿ ಅಂತ. ವೈರ್‌ಲೆಸ್‌ನಲ್ಲಿ ಕೇಳಿದ ಜಾಗಕ್ಕೇ ಹೊಡೆದ, ಅದೇ ಹಲಗೆ ಅನ್ನಿಸ್ಲಿ ಅಂತ. ಅಲ್ಲೇ ಎಡವಿದ. ತಮ್ಮನೂ ರಿಪೇರಿಯವನೂ ಕಣ್ಣಾರೆ ನೋಡಿದ್ರು, ಅವರಾಗಿದ್ರೆ ಬಲಕ್ಕೆ ಹೊಡೀತಿದ್ರು. ಬರೀ ಕೇಳಿಸಿಕೊಂಡವರು ಒಬ್ಬರೇ. ಉಗ್ರಾಣದ ಬೀಗದಕೈ ಕೊಡ್ತೀರಾ, ಕಾರ್ಯದರ್ಶಿಗಳೇ?"

ಉಗ್ರಾಣದಲ್ಲಿ ಹಳೆಯ ಹಲಗೆಗಳ ಹಿಂದೆ ಅಸಲಿ ಸಿಕ್ಕಿತು. ಬಣ್ಣ ಕೆರೆದ ಮೂರು ಗುರುತು. ಎರಡು ಬಲಕ್ಕೆ, ಒಂದು ನಡುಮಧ್ಯ. "ಎಲ್ಲರೂ ಅವಳ ಸುತ್ತ ಕುಣೀತಿದ್ರು. ನಾನಿದ್ದೀನಿ ಅಂತ ಯಾರಿಗೂ ನೆನಪಾಗ್ಲಿಲ್ಲ," ಎಂದರು ಕಾರ್ಯದರ್ಶಿ.

ತೀರ್ಪುಗಾರರು ದಾಖಲೆಯ ಅರ್ಜಿಯನ್ನು ಅವಳ ಮುಂದಿಟ್ಟರು. ದೂರ, ಗಾಳಿ, ಬಂದೂಕು ಎಲ್ಲವನ್ನೂ ಅವಳು ಒಂದೇ ಉಸಿರಿಗೆ ತುಂಬಿದಳು. ತರಬೇತುದಾರರ ಹೆಸರಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಹೊರಗೆ ಪೊಲೀಸ್ ಜೀಪು ಹತ್ತುತ್ತಿದ್ದ ಕಾರ್ಯದರ್ಶಿಗಳ ಕಡೆ ಒಮ್ಮೆ ನೋಡಿ, ಅವರ ಹೆಸರನ್ನೇ ಬರೆದಳು.

"ಅಕ್ಕಾ, ತಲೆ ಕೆಟ್ಟಿದೆಯಾ ನಿಂಗೆ?" ತಮ್ಮ ರೇಗಿದ.

"ಕೇಸು ನಡೀಲಿ, ಬಿಡಲ್ಲ," ಎಂದಳು ಅವಳು, ಮೂಗೊರೆಸಿಕೊಳ್ಳುತ್ತಾ. "ಕಲಿಸಿದ್ದು ಮಾತ್ರ ಅವರೇ ಕಣೋ."